ದಂಟಿನ ಬೆಂಡು, ನೆಗ್ಗಿಲ ಮುಳ್ಳು ಮತ್ತು ಇಂಗಾಲ

ಇಂಗಾಲಕ್ಕೆ ನಾಲ್ಕು ಕೈ ಎಂದು ಮೊಟ್ಟಮೊದಲು ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಆ ಪುಣ್ಯಾತ್ಮ ಆ ಕೈಗಳು ಯಾವ ಯಾವ ಕಡೆ ಚಾಚಿರುತ್ತವೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿದ್ದರೆ ನನ್ನ ಕಾಲೇಜಿನ ಮೊದಲ ಮೂರ್ನಾಲ್ಕು ತಿಂಗಳು ಅಷ್ಟು ಹೈರಾಣಾಗುತ್ತಿರಲಿಲ್ಲ. ಆದರೆ ಹಾಗೆ ಹೇಳಿಬಿಟ್ಟಿದ್ದರೆ ಒಬ್ಬ ಮನುಷ್ಯನ ದೊಡ್ಡತನವೂ ನನಗೆ ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಆ ಪುಣ್ಯಾತ್ಮನ ಮೇಲಿನ ಸಿಟ್ಟನ್ನು ಈಗ ಬಿಟ್ಟಿದ್ದೇನೆ.

ನಾನು ಉಟಗಿಯವಳು, ಗಡಿಯ ಆಚೆ ಮರಾಠಿ ರಾಜ್ಯದಲ್ಲಿ ಉಳಿದ ಕನ್ನಡದ ಊರು. ಹತ್ತರವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ, ಹನ್ನೊಂದು ಹನ್ನೆರಡನ್ನು ಗೈಡುಗಳ ಬಾಯಿಪಾಠದ ಬಲದಿಂದ ದಾಟಿ, ಜತ್ತಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದೆ. ಬಯೋಕೆಮಿಸ್ಟ್ರಿಯೇ ಬೇಕೆಂದು ಹಟ ಹಿಡಿದದ್ದಕ್ಕೆ ಕಾರಣವಿತ್ತು. ಒಮ್ಮೆ ಅವ್ವನ ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಜತ್ತಿನ ಲ್ಯಾಬೊಂದಕ್ಕೆ ಹೋಗಿದ್ದೆವು. ಗಾಜಿನ ಆಚೆ ಕೂತ ಹೆಂಗಸೊಬ್ಬಳು ಸಣ್ಣ ನಳಿಕೆಯಲ್ಲಿ ಏನೋ ಬೆರೆಸಿ, ಬಣ್ಣ ಏರುವವರೆಗೆ ಕಾದು, ಹೊರಗೆ ಬಂದು, "ಕಾಕೂ, ಇವತ್ತಿನಿಂದ ಬೆಲ್ಲ ಬಿಡ್ರಿ" ಎಂದಳು. ಅಪ್ಪನ ಮಾತು, ಡಾಕ್ಟರ ಮಾತು, ನನ್ನ ಮಾತು ಯಾವುದನ್ನೂ ಕಿವಿಗೆ ಹಾಕಿಕೊಳ್ಳದಿದ್ದ ಅವ್ವ ಆವತ್ತಿನಿಂದ ನಿಜವಾಗಿಯೂ ಬೆಲ್ಲ ಬಿಟ್ಟಳು. ಬಣ್ಣ ನೋಡಿ ಮಾತಾಡುವ ಆ ಹೆಂಗಸಿನ ಕುರ್ಚಿಯಲ್ಲಿ ನಾನು ಕೂಡಬೇಕು ಎಂದು ನನಗೆ ಅನ್ನಿಸಿತು. ಏನು ಓದಿದಿರಿ ಎಂದು ಅವಳನ್ನೇ ಕೇಳಿದೆ. ಬಯೋಕೆಮಿಸ್ಟ್ರಿ ಎಂದಳು.

ನಮ್ಮ ಕಾಲೇಜಿನಲ್ಲಿ ಕೋಣೆಗಳು ಕಡಿಮೆ. ಬಯೋಕೆಮಿಸ್ಟ್ರಿಯ ಪಾಠವೂ ಪ್ರಯೋಗವೂ ಒಂದೇ ಉದ್ದನೆಯ ಕೋಣೆಯಲ್ಲಿ ನಡೆಯುತ್ತಿದ್ದವು. ಮುಂದಿನ ಗೋಡೆಗೆ ಹಲಗೆ, ನಡುವೆ ನಾವು ಕೂಡುವ ಉದ್ದನೆಯ ಬಾಕುಗಳು, ಹಿಂದಿನ ಗೋಡೆಗೆ ಕಲ್ಲಿನ ತೊಟ್ಟಿ ಮತ್ತು ನಳ. ಆ ನಳದ ಮುಂದೆ ನಮ್ಮ ಕಡೆ ಬೆನ್ನು ಹಾಕಿ ನಿಂತು ಬಾಟಲಿ, ನಳಿಕೆಗಳನ್ನು ತೊಳೆಯುತ್ತಿದ್ದವರು ಲ್ಯಾಬಿನ ಸಿಪಾಯಿ. ನಮ್ಮಲ್ಲಿ ಕಾಲೇಜಿನ ಸಿಪಾಯಿಗಳನ್ನು ಎಲ್ಲರೂ ಮಾಮಾ ಎಂದೇ ಕರೆಯುವುದು, ಇವರನ್ನೂ ಹಾಗೆಯೇ ಕರೆಯುತ್ತಿದ್ದೆವು. ದರಿಬಡಚಿಯವರು, ಮನೆಯಲ್ಲಿ ಅಣ್ಣ ತಮ್ಮಂದಿರು ಕುರಿ ಕಾಯುತ್ತಿದ್ದರು, ಇವರು ಎಷ್ಟೋ ವರ್ಷಗಳಿಂದ ಈ ತೊಟ್ಟಿಯ ಮುಂದೆ ನಿಂತಿದ್ದರು. ನೀರು ಸಣ್ಣಗೆ ಬಿಟ್ಟುಕೊಂಡು, ಗಾಜಿಗೆ ಗಾಜು ತಾಗಿದ ಸದ್ದು ಬಾರದ ಹಾಗೆ ತೊಳೆಯುವುದು ಅವರ ರೀತಿ. ಪಾಠಕ್ಕೆ ತೊಂದರೆಯಾಗಬಾರದೆಂದು ಹಾಗೆ ಮಾಡುತ್ತಾರೆ ಎಂದು ನಾವು ತಿಳಿದಿದ್ದೆವು.

ಪಾಠ ಹೇಳುವ ಸರ್ ಮಿರಜಿನ ಕಡೆಯವರು. ಕಡಕ್ ಮನುಷ್ಯ, ಆದರೆ ಕೆಟ್ಟವರಲ್ಲ. ಅರ್ಧ ಮರಾಠಿ ಅರ್ಧ ಇಂಗ್ಲಿಷಿನಲ್ಲಿ ಅವರ ಪಾಠ ಓಡುತ್ತಿತ್ತು, ನಾನು ಹಿಂದೆ ಹಿಂದೆ ಓಡುತ್ತಿದ್ದೆ. ಮರಾಠಿ ನನಗೆ ಬರುತ್ತದೆ. ಬಸ್ಸಿನಲ್ಲಿ ಜಗಳಾಡಲು, ಸಂತೆಯಲ್ಲಿ ಚೌಕಾಸಿ ಮಾಡಲು ಧಾರಾಳ ಸಾಕು. ಆದರೆ ಆ ಮರಾಠಿಯಲ್ಲಿ ಇಂಗಾಲದ ಒಳಗೆ ಹೊಕ್ಕು ನೋಡಲು ಆಗುತ್ತಿರಲಿಲ್ಲ.

ಜೀವ ಇರುವುದೆಲ್ಲ ಇಂಗಾಲದ ಕಟ್ಟಡ, ಆದ್ದರಿಂದ ಇಂಗಾಲದ ಬಂಧ ತಿಳಿಯದವನಿಗೆ ಮುಂದಿನ ಪಾಠ ಒಂದೂ ತಿಳಿಯುವುದಿಲ್ಲ ಎಂದು ಸರ್ ಮೊದಲ ದಿನವೇ ಹೇಳಿದರು. ಆಮೇಲೆ ಆರ್ಬಿಟಲ್ ಎಂದರು. ಇಲೆಕ್ಟ್ರಾನ್ ಇರಬಹುದಾದ ಜಾಗ. ಇಂಗಾಲದ ಹೊರಗಿನ ಸುತ್ತಿನಲ್ಲಿ ಎಸ್ ಎಂಬುದು ಒಂದು, ಅದು ದುಂಡಗೆ. ಪಿ ಎಂಬವು ಮೂರು, ಅವು ಉದ್ದುದ್ದ. ಈ ನಾಲ್ಕು ಹೈಬ್ರಿಡೈಸ್ ಆಗುತ್ತವೆ ಎಂದರು. ಹೈಬ್ರಿಡ್ ಎಂದರೆ ನನಗೆ ಗೊತ್ತಿದ್ದದ್ದು ರೊಟ್ಟಿ ಸಪ್ಪಗಾಗುವ ಜೋಳದ ಬೀಜ ಮಾತ್ರ. ಮೀಥೇನಿನ ನಾಲ್ಕು ಬಂಧಗಳೂ ಒಂದೇ ಥರ, ನೂರಾ ಒಂಬತ್ತೂವರೆ ಡಿಗ್ರಿಯ ಕೋನ, ಟೆಟ್ರಾಹೆಡ್ರಲ್ ಎಂದರು. ಹಲಗೆಯ ಮೇಲೆ ಒಂದು ಸಿ ಬರೆದು ಅದರಿಂದ ನಾಲ್ಕು ಗೆರೆ ಎಳೆದರು. ಅದರಲ್ಲಿ ಒಂದು ಗೆರೆ ದಪ್ಪಗೆ, ಒಂದು ತುಂಡು ತುಂಡು. ಸರ್ ಕೈ ನಡುಗಿರಬೇಕು, ವಯಸ್ಸಾಯಿತು ಎಂದುಕೊಂಡು ನಾನು ನನ್ನ ವಹಿಯಲ್ಲಿ ನಾಲ್ಕೂ ಗೆರೆಗಳನ್ನು ಪಟ್ಟಿ ಹಿಡಿದು ನೆಟ್ಟಗೆ ಮಾಡಿ ಬರೆದುಕೊಂಡೆ. ಅಚ್ಚುಕಟ್ಟಿಗೆ ನಮ್ಮ ಶಾಲೆಯಲ್ಲಿ ನನಗೆ ಬಹುಮಾನ ಬಂದಿತ್ತು.

ಮೊದಲ ಪರೀಕ್ಷೆಯಲ್ಲಿ ನಾನು ಬೋರಲು ಬಿದ್ದೆ. ಸರ್ ಪೇಪರು ಕೊಡುತ್ತ ಏಳು ಮಂದಿಯನ್ನು ಎಬ್ಬಿಸಿ ನಿಲ್ಲಿಸಿದರು. ಅದರಲ್ಲಿ ಐದು ಮಂದಿ ಕನ್ನಡ ಶಾಲೆಯಿಂದ ಬಂದವರು. ದೀಪಾವಳಿ ಸೂಟಿಗಿಂತ ಮೊದಲಿನ ಶನಿವಾರ ಒಬ್ಬೊಬ್ಬರನ್ನೇ ಕರೆದು ಮೌಖಿಕ ಪರೀಕ್ಷೆ ಮಾಡುತ್ತೇನೆ, ಅದರಲ್ಲಿ ನಿಲ್ಲದವರು ಬಯೋಕೆಮಿಸ್ಟ್ರಿ ಬಿಟ್ಟು ಬೇರೆ ವಿಷಯ ತಗೊಳ್ಳಬೇಕು ಎಂದರು. ಬೈದು ಹೇಳಿದ್ದರೆ ಸಿಟ್ಟಾದರೂ ಬರುತ್ತಿತ್ತು. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂಬ ದನಿಯಲ್ಲಿ ಹೇಳಿದ್ದರಿಂದ ಎದೆ ಒಡೆದುಹೋಯಿತು. ಗಾಜಿನ ಆಚೆಯ ಕುರ್ಚಿ ನನ್ನ ಕಣ್ಣೆದುರಿಗೇ ಬೇರೆಯವರ ಪಾಲಾದ ಹಾಗಿತ್ತು.

ಉಟಗಿಯಿಂದ ಬರುವ ಮುಂಜಾನೆಯ ಎಸ್ಟಿ ಬಸ್ಸು ನಮ್ಮನ್ನು ಪಾಠಕ್ಕಿಂತ ಒಂದು ತಾಸು ಮೊದಲೇ ಜತ್ತಿನಲ್ಲಿ ಇಳಿಸುತ್ತಿತ್ತು. ಉಳಿದವರು ಸ್ಟ್ಯಾಂಡಿನಲ್ಲಿ ಹರಟುತ್ತಿದ್ದರು. ನಾನು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಪುಸ್ತಕಕ್ಕೆ ಬೈಯುತ್ತಿದ್ದೆ. ಮನಸ್ಸಿನಲ್ಲಿ ಬೈಯುತ್ತಿದ್ದೇನೆ ಎಂದು ತಿಳಿದಿದ್ದೆ, ಆದರೆ ಬಾಯಿ ಬಿಟ್ಟು ಬೈಯುತ್ತಿದ್ದೆನಂತೆ.

ಬಾಗಿಲು ತೆರೆಯಲು ಬಂದ ಮಾಮಾ ನಿಂತು ಕೇಳಿದರು. "ಯಾರಿಗವ್ವಾ ಈ ಪರಿ ಬೈಯಾಕತ್ತೀದಿ?"

"ಈ ಎಸ್‌ಗೂ ಪಿಗೂ ಬೈಯಾಕತ್ತೀನ್ರಿ ಮಾಮಾ. ಅವು ಬ್ಯಾರೆ ಬ್ಯಾರೆ ಅಂತಾರ. ಮತ್ತ ನಾಕೂ ಬಂಧ ಒಂದ ಥರ ಅಂತಾರ. ಬ್ಯಾರೆ ಇದ್ದದ್ದು ಒಂದ ಥರ ಹ್ಯಾಂಗ ಆಗತೈತ್ರಿ?"

ಅವರು ಬಾಗಿಲ ಚಿಲಕ ತೆಗೆದು, ಒಳಗೆ ಹೋಗಿ, ತೊಟ್ಟಿಯ ಮುಂದೆ ನಿಂತುಕೊಂಡರು. ಬೆನ್ನು ನನ್ನ ಕಡೆಗೇ ಇತ್ತು. "ನಿಮ್ಮವ್ವ ತಾಲಿಪಟ್ಟಿಗೆ ಹಿಟ್ಟ ಹ್ಯಾಂಗ ಬೀಸಸ್ತಾಳು?" ಎಂದು ಕೇಳಿದರು.

"ಕಡ್ಲಿಬ್ಯಾಳಿ, ಜ್ವಾಳ ಕೂಡಿಸಿ ಗಿರಣಿಗಿ ಒಯ್ತಾಳ್ರಿ."

"ಒಂದ ಸೇರು ಕಡ್ಲಿಬ್ಯಾಳಿ, ಮೂರು ಸೇರು ಜ್ವಾಳ ಅಂತ ತಿಳಕೊ. ಬೀಸಿದ ಮ್ಯಾಲ ನಾಕು ಡಬ್ಬಿಗಿ ಸಮ ಸಮ ತುಂಬು. ಇದರಾಗ ಕಡ್ಲೀದು ಯಾವ ಡಬ್ಬಿ, ಜ್ವಾಳದ್ದು ಯಾವ ಡಬ್ಬಿ, ಹೇಳು ನೋಡೂಣು."

ನಾನು ಬೆರಳು ಮಡಿಚಿ ಎಣಿಸತೊಡಗಿದೆ.

"ಯಾವೂ ಅಲ್ಲ. ನಾಕೂ ಒಂದ. ಒಂದೊಂದು ಡಬ್ಬ್ಯಾಗ ಕಾಲು ಪಾಲು ಕಡ್ಲಿ, ಮುಕ್ಕಾಲು ಪಾಲು ಜ್ವಾಳ. ಎಸ್ ಒಂದು, ಪಿ ಮೂರು. ಬೆರತ ಮ್ಯಾಲ ಎಸ್‌ಪಿ ತ್ರೀ ನಾಕು. ಸರ್ ವರ್ಷಾ ವರ್ಷಾ ಇದನ್ನ ಹೇಳತಾರ, ಬರೇ ಅವ್ರು ಹಿಟ್ಟಿನ ಮಾತು ಹೇಳಂಗಿಲ್ಲ."

ಮೂರು ತಿಂಗಳು ನನ್ನ ತಲೆಯ ಮೇಲಿನಿಂದ ಹಾರಿಹೋದ ಮಾತು ಒಂದು ಬಾಟಲಿ ತೊಳೆಯುವಷ್ಟರಲ್ಲಿ ಒಳಗೆ ಬಂದು ಕೂತಿತ್ತು. ಆಮೇಲೆ ತಿಳಿಯಿತು, ನೀರು ಸಣ್ಣಗೆ ಬಿಡುತ್ತಿದ್ದದ್ದು ನಮಗಾಗಿ ಅಲ್ಲ. ಪಾಠ ತಮಗೆ ಕೇಳಲಿ ಎಂದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಆ ಮನುಷ್ಯ ಪ್ರತಿ ವರ್ಷ ಹೊಸ ಮಕ್ಕಳ ಜೊತೆ ಅದೇ ಪಾಠವನ್ನು ಮತ್ತೆ ಮತ್ತೆ ಕೇಳಿ, ಕೇಳಿದ್ದನ್ನು ಹೊಲ ಮನೆಯ ಮಾತಿಗೆ ತಿರುಗಿಸಿ ಇಟ್ಟುಕೊಂಡಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ. ಎಂದೋ ಒಮ್ಮೆ ಪಾಠದ ನಡುವೆ ಹುಡುಗನೊಬ್ಬನಿಗೆ ಉತ್ತರ ಪಿಸುಗುಟ್ಟಿದಾಗ, ಆಗಿನ ದೊಡ್ಡವರೊಬ್ಬರು ನಿನ್ನ ಕೆಲಸ ಬಾಟಲಿ ತೊಳೆಯುವುದು ಎಂದು ಎಲ್ಲರೆದುರು ಹೇಳಿದ್ದರಂತೆ.

"ಹಿಂಗಾಗಿ ಯವ್ವಾ, ನಾ ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬ್ಯಾಡ" ಎಂದರು. ನಾನು ಬಿಡುವುದಿಲ್ಲ ಎಂದು ಮಾತು ಕೊಟ್ಟೆ.

ಅಂದಿನಿಂದ ಮುಂಜಾನೆಯ ಆ ಒಂದು ತಾಸು ನನ್ನ ನಿಜವಾದ ಕಾಲೇಜು. ಅವರು ತೊಳೆಯುತ್ತಿದ್ದರು, ನಾನು ಒರೆಸಿ ಇಡುತ್ತಿದ್ದೆ, ಮಾತು ನಡೆಯುತ್ತಿತ್ತು. ಎಸ್‌ಪಿ ಟೂ ಎಂದರೆ ಏನು ಎಂದು ಕೇಳಿದರೆ, ಒಂದು ಸೇರು ಜೋಳ ಗಿರಣಿಗೆ ಹಾಕದೆ ಮನೆಯಲ್ಲೇ ಇಟ್ಟದ್ದು ಎನ್ನುತ್ತಿದ್ದರು. ಒಂದು ಕಡಲೆ ಎರಡು ಜೋಳ ಬೆರೆತು ಮೂರು ಡಬ್ಬಿ. ಹಾಗೇ ಉಳಿದ ಆ ಒಂದು ಪಿ, ಪಕ್ಕದ ಇಂಗಾಲದಲ್ಲಿ ತನ್ನಂತೆಯೇ ಉಳಿದ ಪಿ ಜೊತೆ ಕೂಡಿ ಎರಡನೆಯ ಬಂಧ ಕಟ್ಟುತ್ತದೆ. ಪುಸ್ತಕದಲ್ಲಿ ಎರಡು ಪುಟ ತಗೊಂಡದ್ದು ಅವರ ಬಾಯಲ್ಲಿ ಎರಡು ಬಾಟಲಿಯಷ್ಟು ಹೊತ್ತು.

ಒಂದು ದಿನ ಬಗಲಲ್ಲಿ ಜೋಳದ ದಂಟು ಇರುಕಿಕೊಂಡು ಬಂದರು. ನಮ್ಮ ಕಡೆ ಹುಟ್ಟಿದ ಯಾರಿಗೂ ದಂಟಿನ ಬಂಡಿ ಗೊತ್ತಿರಲೇಬೇಕು. ಒಣಗಿದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರಾದ ಬಿಳಿ ಬೆಂಡು. ಸಿಪ್ಪೆಯನ್ನು ಸೀಳಿದರೆ ಚೂಪಾದ ಕಡ್ಡಿ. ಬೆಂಡಿಗೆ ಕಡ್ಡಿ ಚುಚ್ಚಿ ಬಂಡಿ, ಎತ್ತು, ಕನ್ನಡಕ ಏನು ಬೇಕಾದರೂ ಮಾಡಬಹುದು. ಮಾಮಾ ಒಂದು ತುಂಡು ಬೆಂಡು ತಗೊಂಡು, ಅದರೊಳಗೆ ಒಂದು ಕಡ್ಡಿಯನ್ನು ಈ ಕಡೆಯಿಂದ ಆ ಕಡೆಗೆ ಹಾಯಿಸಿದರು. ಇನ್ನೊಂದನ್ನು ಅದಕ್ಕೆ ಅಡ್ಡವಾಗಿ ಹಾಯಿಸಿದರು. ನಾಲ್ಕು ತುದಿಗೆ ನಾಲ್ಕು ಸಣ್ಣ ಬೆಂಡು ಸಿಕ್ಕಿಸಿದರು.

"ತಗೋ, ಇದ ಮೀಥೇನ್."

ನಾನು ಅದನ್ನು ಊರಿಗೆ ಒಯ್ದು ಕಟ್ಟೆಯ ಮೇಲೆ ಇಟ್ಟು ಚಹಾ ಕುಡಿದು ಬರುವಷ್ಟರಲ್ಲಿ ನಮ್ಮ ಆಡು ಮೂರು ಹೈಡ್ರೋಜನ್ ತಿಂದು ಇಂಗಾಲಕ್ಕೆ ಬಾಯಿ ಹಾಕಿತ್ತು. ಮರುದಿನ ಹೇಳಿದರೆ ಮಾಮಾ, ಆಡಿಗೂ ಬೇಕಾದದ್ದು ಅದೇ ಬಿಡು ಎಂದು ಇನ್ನೊಂದು ಮಾಡಿಕೊಟ್ಟರು. ಆ ಎರಡನೆಯದನ್ನು ಬಸ್ಸಿನಲ್ಲಿ ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂತಾಗಲೇ ನನಗೆ ಸಂಶಯ ಹತ್ತಿದ್ದು. ಅಚ್ಚುಕಟ್ಟಿನ ಹುಡುಗಿಯಲ್ಲವೆ, ವಹಿಯ ಹಿಂದಿನ ಪುಟದಲ್ಲಿ ಲೆಕ್ಕ ಮಾಡಿದೆ. ಒಂದು ಸುತ್ತು ಎಂದರೆ ಮುನ್ನೂರಾ ಅರವತ್ತು ಡಿಗ್ರಿ. ನಾಲ್ಕು ಕೋನ ಸಮವಾಗಿದ್ದರೆ ಒಂದೊಂದು ತೊಂಬತ್ತು. ನೂರಾ ಒಂಬತ್ತೂವರೆ ನಾಲ್ಕು ಸಲ ಎಂದರೆ ನಾಲ್ಕುನೂರಾ ಮೂವತ್ತೆಂಟು. ಅಷ್ಟನ್ನು ಒಂದು ಸುತ್ತಿನಲ್ಲಿ ತುರುಕುವುದು ಹೇಗೆ?

ಮರುದಿನ ಮುಂಜಾನೆ ನಾನು ಜಗಳಕ್ಕೆ ನಿಂತೆ. ಪರೀಕ್ಷೆಗೆ ಎಂಟು ದಿನ ಉಳಿದಿತ್ತು, ಹೆದರಿದಾಗ ನನಗೆ ಸಿಟ್ಟೇ ಬರುವುದು.

"ಮಾಮಾ, ನಿಮ್ಮ ಮೀಥೇನ್ ಸುಳ್ಳೈತ್ರಿ. ಲೆಕ್ಕ ಕೂಡಂಗಿಲ್ಲ."

ಅವರು ಲೆಕ್ಕ ನೋಡಿದರು. ಎರಡು ಸಲ ನೋಡಿದರು. ಬೆಂಡಿನ ಮೀಥೇನನ್ನು ಕೈಗೆ ತಗೊಂಡು, "ನೂರಾ ಒಂಬತ್ತೂವರಿ ಅಂತ ಸರ್ ಹೇಳೂದಂತೂ ಖರೆ" ಎಂದರು. "ಇಷ್ಟು ವರ್ಷ ಕೇಳೀನಿ. ಕೂಡಿಸಿ ನೋಡಿರಲಿಲ್ಲ."

"ಹಲಗಿ ಮ್ಯಾಲ ಸರ್ ವರ್ಷಾ ವರ್ಷಾ ತಗಿಯೂದು ನೀವು ನೋಡಿರಬೇಕಲ್ರಿ?"

"ಹಲಗಿ ನಾ ಎಲ್ಲಿ ನೋಡೀನವ್ವಾ" ಎಂದರು ಮಾಮಾ. "ಪಾಠ ನಡದಾಗ ನನ್ನ ಮಾರಿ ನಳದ ಕಡಿಗಿ. ಪಾಠ ಮುಗಿದ ಮ್ಯಾಲ ಹಲಗಿ ಒರಸಿರತಾರ. ಟೆಟ್ರಾಹೆಡ್ರಲ್ ಅಂದ್ರ ಅದಕ್ಕೊಂದು ಅಡ್ಡಹೆಸರು ಅಂತ ತಿಳಕೊಂಡಿದ್ದೆ."

ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಅಷ್ಟು ವರ್ಷ ಅವರು ಇಂಗಾಲವನ್ನು ಕಿವಿಯಿಂದ ಮಾತ್ರ ಕಲಿತಿದ್ದರು. ಕಿವಿಗೆ ಬಂದದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಕಣ್ಣಿಗೆ ಬೇಕಾದದ್ದು ಮಾತ್ರ ಸಿಕ್ಕಿರಲಿಲ್ಲ. ಸಿಗದ ಆಕಾರವನ್ನು ತಮ್ಮ ಕೈಗೆ ಗೊತ್ತಿದ್ದ ಬಂಡಿಯಿಂದ ತುಂಬಿಸಿದ್ದರು. ಬಂಡಿಯ ಅಚ್ಚು ಈ ಕಡೆಯಿಂದ ಆ ಕಡೆಗೆ ಹಾಯಲೇಬೇಕು, ಇಲ್ಲವಾದರೆ ಗಾಲಿ ನಿಲ್ಲುವುದಿಲ್ಲ. ನನಗೂ ಅದು ಅಷ್ಟೇ ಸಹಜವಾಗಿ ಕಂಡಿತ್ತು, ಏಕೆಂದರೆ ನಾನೂ ಅದೇ ಬಂಡಿ ಮಾಡಿ ಬೆಳೆದವಳು. ಇಬ್ಬರೂ ಸೇರಿ ಇಂಗಾಲಕ್ಕೆ ಅಚ್ಚು ಹಾಕಿದ್ದೆವು.

ಎರಡು ದಿನ ಮಾಮಾ ಇಂಗಾಲದ ಮಾತನ್ನೇ ಎತ್ತದೆ ಬಾಟಲಿ ತೊಳೆದರು. ಅವರಿಗೆ ನೋವಾಯಿತೋ ಎಂದು ನನಗೆ ಕಸಿವಿಸಿ. ಮೂರನೆಯ ದಿನ ನಾನು ಬರುವ ಮೊದಲೇ ಬಾಗಿಲು ತೆರೆದು ಕಾಯುತ್ತಿದ್ದರು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಕಲ್ಲಿನ ಕಟ್ಟೆಯ ಮೇಲೆ ಸುರುವಿದರು. ಒಳಗಿದ್ದದ್ದು ನೆಗ್ಗಿಲ ಮುಳ್ಳು, ನಾಲ್ಕು ಕಡೆ ಮುಳ್ಳು ಚಾಚಿದ ಸಣ್ಣ ಒಣ ಕಾಯಿ. ಮಳೆ ಮುಗಿದ ಮೇಲೆ ನಮ್ಮ ಹೊಲ, ಹಾದಿ, ಚಪ್ಪಲಿ ಎಲ್ಲದರಲ್ಲೂ ಅದೇ.

"ನಿನ್ನಿ ಸಂಜೀಕ ಮರಿ ಒಂದು ಕುಂಟಾಕತ್ತಿತ್ತು. ಗೊರಸಿನಾಗಿಂದ ಇದನ್ನ ತಗದೆ. ತಗದು ಕೈಯಾಗ ಹಿಡಕೊಂಡು ನೋಡೇ ನೋಡಿದೆ. ಒಗಿ ಇದನ್ನ."

ನಾನು ಒಂದು ಕಾಯಿ ಎತ್ತಿ ಎಸೆದೆ. ಅದರ ಉಳಿದ ಮುಳ್ಳುಗಳು ಕೆಳಗೆ ಊರಿ ಒಂದು ಮುಳ್ಳು ಮೇಲೆ ನಿಂತಿತು. ಮತ್ತೆ ಎಸೆದೆ, ಬೇರೆ ಮುಳ್ಳು ಮೇಲೆ.

"ಹ್ಯಾಂಗರ ಒಗಿ, ಒಂದು ಮ್ಯಾಲ ನೋಡತೈತಿ. ಅದಕ್ಕ ಇದು ಯಾರನ್ನೂ ಬಿಡಂಗಿಲ್ಲ. ಇದರಾಗ ಒಂದು ಮುಳ್ಳು ಇನ್ನೊಂದರ ಎದುರಿಗಿ ಹಾಯ್ದಿಲ್ಲ ನೋಡು. ಎಲ್ಲಾ ನಡುವಿನಿಂದ ಹೊಂಟು ಒಂದರಿಂದ ಒಂದು ದೂರ ದೂರ ಸರದಾವು. ಇಂಗಾಲನೂ ಹಿಂಗ, ನೆಲದ ಮ್ಯಾಲ ಮಲಗಿಲ್ಲ ಅದು. ನಾವು ಮಲಗಿಸಿದ್ದಿವಿ."

ನಾನು ಮುಳ್ಳನ್ನು ನೋಡಿದೆ. ಆಮೇಲೆ ನನಗೆ ವಹಿ ನೆನಪಾಯಿತು. ಒಂದು ಗೆರೆ ದಪ್ಪ, ಒಂದು ತುಂಡು ತುಂಡು. ದಪ್ಪ ಗೆರೆ ಹಲಗೆಯಿಂದ ನಮ್ಮ ಕಡೆ ಚಾಚಿದ ಕೈ, ತುಂಡು ಗೆರೆ ಹಲಗೆಯ ಆಚೆ ಹೋದ ಕೈ. ಸರ್ ಕೈ ನಡುಗಿರಲಿಲ್ಲ. ಮೂರು ತಿಂಗಳು ಕಣ್ಣ ಮುಂದಿದ್ದದ್ದನ್ನು ನಾನೇ ಪಟ್ಟಿ ಹಿಡಿದು ಅಳಿಸಿದ್ದೆ. ಇದನ್ನು ಮಾಮಾಗೆ ಹೇಳಿದರೆ ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ತಮ್ಮ ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಅದಕ್ಕೂ ಮೊದಲು ನೋಡಿಲ್ಲ, ಆಮೇಲೂ ನೋಡಿಲ್ಲ. ನಾನಾಗಿದ್ದರೆ ಒಂದು ವಾರ ಮುಖ ಊದಿಸಿಕೊಂಡು ತಿರುಗುತ್ತಿದ್ದೆ.

ನನಗೆ ಇನ್ನೂ ಒಂದು ತಕರಾರಿತ್ತು. "ಮಾಮಾ, ನೆಗ್ಗಿಲದಾಗ ಎರಡು ಉದ್ದ, ಎರಡು ಮೋಟು ಅದಾವ್ರಿ. ಸಮ ಇಲ್ಲ."

"ಸಮ ನಾವು ಮಾಡೂಣು" ಎಂದರು.

ಬೆಂಡನ್ನು ಗುಂಡಗೆ ಕೆತ್ತಿದರು. ನಾಲ್ಕು ಕಡ್ಡಿಗಳನ್ನು ಒಂದೇ ಅಳತೆಗೆ ಕತ್ತರಿಸಿದರು. ಈ ಸಲ ಯಾವುದನ್ನೂ ಹಾಯಿಸಲಿಲ್ಲ, ಒಂದೊಂದನ್ನೂ ನಡುವಿನವರೆಗೆ ಮಾತ್ರ ಚುಚ್ಚಿದರು. ಕೋನ ಅಳೆಯುವುದು ಹೇಗೆ? ಅದಕ್ಕೂ ಅವರೇ ದಾರಿ ಹುಡುಕಿದರು. ಮೂರು ಕಡ್ಡಿಗಳ ಮೇಲೆ ನಿಲ್ಲಿಸಿ, ನಾಲ್ಕನೆಯದರ ತುದಿ ಎಷ್ಟು ಎತ್ತರದಲ್ಲಿದೆ ಎಂದು ಪಟ್ಟಿ ಹಿಡಿದು ನೋಡುವುದು. ಆಮೇಲೆ ಹೊರಳಿಸಿ ಬೇರೆ ಮೂರರ ಮೇಲೆ ನಿಲ್ಲಿಸಿ ಮತ್ತೆ ಅಳೆಯುವುದು. ಹೀಗೆ ನಾಲ್ಕು ಸಲ. ನಾಲ್ಕು ಸಲವೂ ಅಷ್ಟೇ ಎತ್ತರ ಬಂದು, ಕೆಳಗಿನ ಮೂರು ತುದಿಗಳ ನಡುವಿನ ದೂರವೂ ಸಮವಾದರೆ ಕೋನಗಳೆಲ್ಲ ಸಮ. ಮೊದಲ ಬೆಂಡು ಹಾಳಾಯಿತು, ಎರಡನೆಯದೂ ಮೂರನೆಯದೂ ಹಾಳಾದವು, ನಾಲ್ಕನೆಯದು ನಿಂತಿತು. ಅವರ ಬೆರಳುಗಳು ನೀರಲ್ಲಿ ನೆನೆದು ನೆನೆದು ಸುಕ್ಕಾಗಿದ್ದವು, ಆದರೆ ಕಡ್ಡಿ ಚುಚ್ಚುವಾಗ ಸ್ವಲ್ಪವೂ ಅಲುಗುತ್ತಿರಲಿಲ್ಲ. ಆ ಬೆರಳುಗಳನ್ನು ನೋಡುತ್ತ ನನಗೆ ಬಂದ ಗೌರವ ದೇವರ ಮನೆಯಲ್ಲಿ ಕೂಡ ಬಂದದ್ದಿಲ್ಲ.

ಜೋಡಿ ಬಂಧ ಮಾತ್ರ ನಾನೇ ಕಂಡುಹಿಡಿದೆ ಎಂದು ಹೇಳಿಕೊಳ್ಳಲು ನನಗೆ ಇಷ್ಟ. ಎರಡು ಬೆಂಡುಗಳ ನಡುವೆ ಒಂದೇ ಕಡ್ಡಿ ಇದ್ದರೆ ಒಂದನ್ನು ಹಿಡಿದು ಇನ್ನೊಂದನ್ನು ಗರಗರ ತಿರುಗಿಸಬಹುದು, ಬಂಡಿಯ ಗಾಲಿ ತಿರುಗುವುದೇ ಹಾಗೆ. ಎರಡು ಕಡ್ಡಿ ಹಾಕಿದರೆ ತಿರುಗುವುದಿಲ್ಲ. ಇದನ್ನು ನಾವು ಐದು ವರ್ಷದವರಿದ್ದಾಗಲೇ ಬಲ್ಲೆವು. ಜೋಡಿ ಬಂಧ ತಿರುಗುವುದಿಲ್ಲ ಎಂದು ಪುಸ್ತಕದಲ್ಲಿ ಓದಿದಾಗ ಮಾತ್ರ ಬಲ್ಲೆವೆಂಬುದು ಮರೆತಿತ್ತು.

ಶನಿವಾರ ಬಂತು. ಸರ್ ಮುಂದಿನ ಬಾಕಿನ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ಉಳಿದವರು ಹೊರಗೆ ಪಡಸಾಲೆಯಲ್ಲಿ. ಹಿಂದೆ ಮಾಮಾ ಎಂದಿನಂತೆ ಬೆನ್ನು ಹಾಕಿ ತೊಳೆಯುತ್ತಿದ್ದರು, ನೀರು ಸಣ್ಣಗೆ ಬೀಳುತ್ತಿತ್ತು. ನನಗಿಂತ ಮೊದಲು ಹೋದ ಇಬ್ಬರು ಮುಖ ಇಳಿಬಿಟ್ಟು ಹೊರಗೆ ಬಂದಿದ್ದರು. ಆಮೇಲೆ ನನ್ನ ಸರದಿ ಬಂತು.

ಮೀಥೇನಿನ ಆಕಾರ ಹೇಳು ಎಂದು ಸರ್ ಮರಾಠಿಯಲ್ಲಿ ಕೇಳಿದರು. ನಾನು ಬಾಯಿ ತೆರೆದೆ, ಮರಾಠಿ ಬರಲಿಲ್ಲ. ಇಂಗ್ಲಿಷಂತೂ ದೂರವೇ ಉಳಿಯಿತು.

"ಸರ್, ಕನ್ನಡದಾಗ ಹೇಳಲೇನ್ರಿ?"

ಅವರು "ಸಾಂಗ್" ಎಂದರು. ಹೇಳು ಎಂದು. ಮಿರಜಿನವರಿಗೆ ಕನ್ನಡ ಅರ್ಥವಾಗುತ್ತದೆ ಎಂಬುದು ನನಗೆ ಆವರೆಗೆ ಹೊಳೆದೇ ಇರಲಿಲ್ಲ.

ನಾನು ಬ್ಯಾಗಿನಿಂದ ಬೆಂಡಿನ ಇಂಗಾಲ ತೆಗೆದು ಬಾಕಿನ ಮೇಲೆ ನಿಲ್ಲಿಸಿದೆ. ಹೊರಳಿಸಿ ಮತ್ತೆ ನಿಲ್ಲಿಸಿದೆ. ಕಾಗದದ ಮೇಲೆ ಮಲಗಿಸಿದರೆ ತೊಂಬತ್ತರ ಮೇಲೆ ದೂರ ಸಿಗುವುದಿಲ್ಲ, ಮೇಲೆದ್ದು ನಿಂತರೆ ಒಂದರಿಂದ ಒಂದಕ್ಕೆ ನೂರಾ ಒಂಬತ್ತೂವರೆ ಸಿಗುತ್ತದೆ, ಆದ್ದರಿಂದ ಹೀಗೆ ನಿಂತಿದೆ ಎಂದೆ. ಇದರಲ್ಲಿ ಎಸ್ ಯಾವುದು ತೋರಿಸು ಎಂದರು. ತೋರಿಸಲು ಬರುವುದಿಲ್ಲ, ಬೆರೆತ ಮೇಲೆ ನಾಲ್ಕರಲ್ಲೂ ಕಾಲು ಕಾಲು ಪಾಲು ಇದೆ ಎಂದೆ. ಸರ್ ಮುಂದಕ್ಕೆ ಬಾಗಿದರು. ಚಳಿಗಾಲದಲ್ಲಿ ತುಪ್ಪ ಗಟ್ಟಿಯಾಗುತ್ತದೆ, ಕುಸುಬಿ ಎಣ್ಣೆ ಏಕೆ ಆಗುವುದಿಲ್ಲ ಎಂದು ಕೇಳಿದರು. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಎಣ್ಣೆಯಲ್ಲಿ ಜೋಡಿ ಬಂಧ ಇರುತ್ತದೆ ಎಂದಷ್ಟೇ ಪುಸ್ತಕದಲ್ಲಿ ಓದಿದ್ದೆ. ನಾನು ಎರಡು ಕಡ್ಡಿಗಳ ಬೆಂಡನ್ನು ನೆನೆದುಕೊಂಡು, ಕುಸುಬಿ ಎಣ್ಣೆಯ ಉದ್ದ ಸರಪಳಿಯಲ್ಲಿ ಜೋಡಿ ಬಂಧವಿದ್ದಲ್ಲಿ ಮೊಣಕಾಲಿನಂತೆ ಬಾಗಿರುತ್ತದೆ, ಅದನ್ನು ತಿರುಗಿಸಿ ನೆಟ್ಟಗೆ ಮಾಡಲು ಬರುವುದಿಲ್ಲ, ಬಾಗಿದ ಕಟ್ಟಿಗೆಗಳ ಹೊರೆ ಬಿಗಿಯಾಗಿ ಕಟ್ಟಲು ಬಾರದ ಹಾಗೆ ಅವು ಒತ್ತಾಗಿ ಕೂಡುವುದಿಲ್ಲ ಎಂದೆ. ಹೇಳುತ್ತ ಹೇಳುತ್ತ ನನಗೇ ಅದು ತಿಳಿಯುತ್ತ ಹೋಯಿತು. ಆ ಸುಖ ನನ್ನ ಜೀವನದಲ್ಲಿ ಮೊದಲನೆಯದು.

ಸರ್ ಬೆಂಡಿನ ಇಂಗಾಲವನ್ನು ಎತ್ತಿಕೊಂಡರು. "ಇದು ಯಾವ ಪುಸ್ತಕದಲ್ಲೂ ಇಲ್ಲ. ಯಾರು ಕಲಿಸಿದರು?"

ಬಾಯಿ ಬಿಡುವುದಿಲ್ಲ ಎಂದು ಮಾಮಾಗೆ ಮಾತು ಕೊಟ್ಟಿದ್ದೆ. ಹೇಳಿದರೆ ಆ ಮನುಷ್ಯನಿಗೆ ಮತ್ತೊಮ್ಮೆ ಅವಮಾನ. ನಾನೇ ಮಾಡಿದೆ ಎಂದರೆ ಕಳ್ಳತನ. ನಾನು ಬ್ಯಾಗಿನ ಬಾಯಿ ಮುಚ್ಚಿದೆ, ತೆರೆದೆ. ಯಾರೋ ಮಾಡಿಕೊಟ್ಟದ್ದನ್ನು ಬಾಯಿಪಾಠ ಮಾಡಿ ಬಂದಿದ್ದಾಳೆ ಎಂಬ ಸಂಶಯ ಸರ್ ಮುಖದಲ್ಲಿ ಮೂಡುತ್ತಿರುವುದು ನನಗೆ ಕಾಣುತ್ತಿತ್ತು.

ಹಿಂದೆ ನೀರು ನಿಂತಿತು.

"ನಾನ್ರಿ ಸರ್" ಎಂದರು ಮಾಮಾ. ಈ ಕಡೆ ತಿರುಗಿ ನಿಂತಿದ್ದರು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಬೆಂಡು ನಾ ಕೆತ್ತೀನ್ರಿ. ಮೊದಲ ತಪ್ಪ ಮಾಡಿದ್ದೆ, ತಪ್ಪ ಐತಿ ಅಂತ ಲೆಕ್ಕ ಹಾಕಿ ತೋರ್ಸಿದಾಕಿ ಈಕಿ. ಇನ್ನೂ ಏನರ ತಪ್ಪ ಉಳದಿದ್ರ ಅದು ನಂದ್ರಿ, ಈಕೀದಲ್ಲ. ಎಣ್ಣೀ ಮಾತಂತೂ ನಾ ಹೇಳಿಲ್ರಿ. ಅದು ಈಕೀದ."

ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ಆ ಕೋಣೆ ಅದೇ ಮೊದಲು ಕೇಳಿದ್ದು. ಸರ್ ಬೆಂಡನ್ನು ಬಾಕಿನ ಮೇಲೆ ನಿಲ್ಲಿಸಿ, ತಮ್ಮ ಪಟ್ಟಿ ತೆಗೆದು ಎತ್ತರ ಅಳೆದರು. ಹೊರಳಿಸಿದರು, ಅಳೆದರು. ಮತ್ತೆ ಹೊರಳಿಸಿದರು. ನಾಲ್ಕು ಸಲವೂ ಅಳೆದು ಮುಗಿಸಿ, ನನ್ನ ಹೆಸರಿನ ಮುಂದೆ ಒಂದು ಗುರುತು ಹಾಕಿ, "ಬಯೋಕೆಮಿಸ್ಟ್ರಿಯಲ್ಲೇ ಇರು" ಎಂದರು. ನಾನು ಅತ್ತೆ. ಯಾರ ಮುಂದೂ ಅಳದವಳು ಅವರಿಬ್ಬರ ಮುಂದೆ ಅತ್ತೆ.

ದೀಪಾವಳಿ ಸೂಟಿ ಮುಗಿದ ಮೇಲಿನ ಮೊದಲ ಪಾಠ. ಸರ್ ಖಡು ಕೈಗೆ ತಗೊಂಡು ಹಲಗೆಯ ಕಡೆ ತಿರುಗಿದವರು, ತಡೆದು, ನಮ್ಮ ತಲೆಗಳ ಮೇಲಿನಿಂದ ಹಿಂದೆ ನೋಡಿದರು. "ಮಾಮಾ, ನಳ ಬಂದ್ ಮಾಡಿ. ಇನ್ನು ಮೇಲೆ ತೊಳೆಯುವುದು ಪಾಠ ಮುಗಿದ ಮೇಲೆ. ಈ ಕಡೆ ಮುಖ ಮಾಡಿ ಕೂಡಿ" ಎಂದರು. ಕಡಕ್ ದನಿ, ನಮಗೆ ಹೇಳುವ ದನಿಯೇ. ಮಾಮಾ ಕೈ ಒರೆಸಿಕೊಂಡು, ಎಲ್ಲಿ ಕೂಡುವುದು ತಿಳಿಯದೆ ನಿಂತರು. ನಾನು ಸರಿದು ನನ್ನ ಬಾಕಿನಲ್ಲಿ ಜಾಗ ಮಾಡಿದೆ.

ಸರ್ ಹಲಗೆಯ ಮೇಲೆ ಒಂದು ಸಿ ಬರೆದರು. ಎರಡು ಗೆರೆ ತೆಳ್ಳಗೆ ಎಳೆದರು. ಮೂರನೆಯದನ್ನು ಖಡುವನ್ನು ಒತ್ತಿ ದಪ್ಪಗೆ ಎಳೆದರು, ನಾಲ್ಕನೆಯದನ್ನು ತುಂಡು ತುಂಡಾಗಿ. ಮಾಮಾ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ಅದನ್ನು ನೋಡಿದರು. ಆಮೇಲೆ ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು:

"ಕೈ ಎಲ್ಲಿ ನಡುಗೈತವ್ವಾ. ನೆಟ್ಟಗ ನಮ್ಮ ಕಡಿಗೇ ಚಾಚೈತಿ."